ಮಾವ ಬರೆದ ಚೀಟಿ

ಆ ಅಂಗಡಿಯಲ್ಲಿ ಮೂವತ್ತೆಂಟು ವರ್ಷದಿಂದ ಒಂದೇ ಕಟ್ಟಳೆ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಫ್ಯಾನು. ಬಿಚ್ಚಿದ್ದನ್ನು ತೊಳೆದು, ಜೋಡಿಸಿ, ತಿರುಗಿಸಿ, ಕಿವಿಗೊಟ್ಟು ಕೇಳಿ, ಚೀಟಿ ಬರೆದು ಕಟ್ಟುವ ತನಕ ಇನ್ನೊಂದಕ್ಕೆ ಕೈ ಹಚ್ಚುವಂತಿಲ್ಲ. ಕಟ್ಟಳೆ ಮಾಡಿದವರು ಮಾವ. ಮುರಿದವರೂ ಅವರೇ.

ಸೊಸೆ ಬೆಳಿಗ್ಗೆ ಕಸ ಗುಡಿಸಲು ಅಂಗಡಿಗೆ ಬಂದಾಗ ಮೇಜಿನ ಮೇಲೆ ನಾಲ್ಕು ಫ್ಯಾನುಗಳು ಹೊಟ್ಟೆ ಬಗೆದುಕೊಂಡು ಬಿದ್ದಿದ್ದವು. ಹಿತ್ತಾಳೆಯ ರೆಕ್ಕೆಗಳು ಒಂದರ ಮೇಲೊಂದು. ಹಲ್ಲುಚಕ್ರದ ಗೇರುಗಳು ಕಿಟಕಿಯ ಹಲಗೆಯ ಮೇಲೆ. ತಿರುಪುಗಳೆಲ್ಲ ಒಂದೇ ತಟ್ಟೆಯಲ್ಲಿ. ಮಾವ ಸ್ಟೂಲಿನ ಮೇಲೆ ಕೂತು ಒಂದು ಜಾಲರಿಯನ್ನು ಬಟ್ಟೆಯಿಂದ ಉಜ್ಜುತ್ತಿದ್ದರು.

"ಮಾವ, ಇದೇನಿದು?"

"ಏನು?"

"ನಾಲ್ಕು ಬಿಚ್ಚಿದೀರಿ."

ಅವರು ತಲೆಯೆತ್ತಿ ಮೇಜು ನೋಡಿದರು. ತುಂಬಾ ಹೊತ್ತು ನೋಡಿದರು. "ಯಾರೋ ತಿಳೀದವರು ತಂದು ಸುರಿದು ಹೋಗಿದ್ದಾರೆ," ಎಂದರು. "ನಮ್ಮ ಮನೇಲಿ ಯಾರೂ ಹೀಗೆ ಮಾಡಲ್ಲ."

ಗುಜರಿಯವರಿಂದ, ಮುಚ್ಚಿದ ಕಚೇರಿಗಳಿಂದ, ಹಳೆಯ ಹೋಟೆಲುಗಳ ಉಗ್ರಾಣದಿಂದ ಬರುವ ಎಂಬತ್ತು, ತೊಂಬತ್ತು ವರ್ಷದ ಮೇಜಿನ ಫ್ಯಾನುಗಳಿಗೆ ಜೀವ ಕೊಡುವುದು ಮಾವನ ಕಸುಬು. ಜೀವ ಕೊಡುವವರು ಊರಲ್ಲಿ ಇನ್ನೂ ಇಬ್ಬರಿದ್ದರು. ಆದರೆ ಹೆಸರಿನ ಬಿಲ್ಲೆ ಕಳೆದುಹೋದ ಫ್ಯಾನಿನ ಮೇಲೆ ಕಣ್ಣುಮುಚ್ಚಿ ಬೆರಳಾಡಿಸಿ, ಇದು ಯಾವ ಕಾರ್ಖಾನೆಯದು, ಯಾವ ವರ್ಷದ ಆಸುಪಾಸಿನದು, ಇದರಲ್ಲಿ ಯಾವುದು ಹುಟ್ಟಿನದು, ಯಾವುದು ಆಮೇಲೆ ಸೇರಿದ್ದು ಎಂದು ಹೇಳಬಲ್ಲವರು ಅವರೊಬ್ಬರೇ. ಅಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಫ್ಯಾನಿನ ಕತ್ತಿಗೆ ದಾರದಲ್ಲಿ ಕಟ್ಟುತ್ತಿದ್ದರು. ಮಾಲು ಕೊಳ್ಳುವ ವ್ಯಾಪಾರಿ ಬೇಸಿಗೆಯಲ್ಲೂ ಕೋಟು ಹಾಕುವವನು. ಮನೆಯಲ್ಲಿ ಅವನ ಹೆಸರೇ ಕೋಟಿನವನು. "ಈ ಚೀಟಿ ಇದ್ದರೆ ಫ್ಯಾನು, ಇಲ್ಲದಿದ್ದರೆ ಕಬ್ಬಿಣ," ಎಂದು ಅವನು ಎಷ್ಟೋ ಸಲ ಹೇಳಿದ್ದ.

ಸೊಸೆ ಆ ದಿನವೆಲ್ಲ ತಿರುಪು ಬೇರೆ ಮಾಡುತ್ತಾ ಕೂತಳು. ಸಂಜೆಯಾದರೂ ಮುಗಿಯಲಿಲ್ಲ. ಎರಡು ಜೊತೆ ರೆಕ್ಕೆ ಯಾವುದರದ್ದೆಂದು ತಿಳಿಯದೆ ಬದಿಗಿಟ್ಟಳು.

ಊಟಕ್ಕೆ ಕೂತಾಗ ಮೈದುನ ಮಾತು ತೆಗೆದ. ಅವನದು ಮನೆಮನೆಗೆ ಹೋಗಿ ಏಸಿ ಕೂಡಿಸುವ ಕೆಲಸ.

"ಅಂಗಡಿ ಮುಚ್ಚೋಣ ಅಂತ ನಾನು ಹೋದ ವರ್ಷಾನೇ ಹೇಳಿದ್ದೆ."

"ಮೊದಲು ಬಾಯಿ ಮುಚ್ಚಿ ಊಟ ಮಾಡು," ಅತ್ತೆ ಅವನ ತಟ್ಟೆಗೆ ಆಲೂಗಡ್ಡೆ ಪಲ್ಯ ಹಾಕಿದರು.

"ಬಾಯಿ ಮುಚ್ಚಿ ಊಟ ಮಾಡೋದು ಹೇಗಮ್ಮಾ?"

"ನಿನ್ನಂಥವರಿಗೆ ಕಷ್ಟಾನೇ."

"ತಮಾಷೆ ಸಾಕು. ನಾಲ್ಕು ತಿಂಗಳಿಗೆ ಮದುವೆ. ನಾವಿಬ್ಬರೂ ಎಲ್ಲಿ ಮಲಗೋದು? ಏಣಿ ಮೇಲಾ?"

"ಯಾರ ಮದುವೆ?" ಮಾವ ಕೇಳಿದರು.

"ನಂದು ಅಪ್ಪಾ."

"ಒಳ್ಳೇದು. ಹುಡುಗಿಗೆ ಗೊತ್ತಾ?"

ಇದು ತಮಾಷೆಯೋ ಅಲ್ಲವೋ ಯಾರಿಗೂ ತಿಳಿಯಲಿಲ್ಲ. ಮಾವ ತಾವೇ ನಕ್ಕರು. ಆಮೇಲೆ ಅತ್ತೆಯೂ ಒಂಚೂರು ನಕ್ಕರು.

ಮೈದುನ ನಗಲಿಲ್ಲ. "ಅಂಗಡಿ ಬಾಡಿಗೆಗೆ ಕೊಡೋಣ. ಮೇಲಿನ ಕೋಣೆ ನಮಗಾಗತ್ತೆ. ಅತ್ತಿಗೆ..." ಎಂದು ಸೊಸೆಯ ಕಡೆ ನೋಡದೆ ಚಪಾತಿ ಮುರಿದ. "ಅತ್ತಿಗೆಗೆ ಅವರ ಅಣ್ಣ ಇದ್ದಾರೆ."

ಮೇಲಿನ ಕೋಣೆ ಸೊಸೆಯದು. ಗಂಡ ತೀರಿಹೋಗಿ ಮೂರು ವರ್ಷವಾಗಿತ್ತು. ಅವನ ಶೇವಿಂಗ್ ಬ್ರಷ್ಷು ಈಗಲೂ ಅಲ್ಲಿನ ಕಿಟಕಿಯಲ್ಲಿತ್ತು. ತೆಗೆದಿಡಬೇಕೆಂದು ಅವಳಿಗೆ ಅನಿಸಿರಲಿಲ್ಲ, ಇಟ್ಟುಕೊಳ್ಳಬೇಕೆಂದೂ ಅನಿಸಿರಲಿಲ್ಲ. ಅವನು ತೀರಿದ ತಿಂಗಳಲ್ಲಿ ಅವಳು ಒಂದು ಮಧ್ಯಾಹ್ನ ಸುಮ್ಮನೆ ಅಂಗಡಿಗಿಳಿದು ಕೂತಿದ್ದಳು. ಮಾವ ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. ಕೈಗೊಂದು ಸ್ಕ್ರೂಡ್ರೈವರ್ ಕೊಟ್ಟು, "ಎಡಕ್ಕೆ ತಿರುಗಿಸು, ಬಿಚ್ಚಿಕೊಳ್ಳತ್ತೆ," ಎಂದರು. ಅವಳು ಎಂ.ಎಸ್ಸಿ. ಮಾಡಿದವಳು. ಅವತ್ತು ಆ ಮಾತು ಕೇಳಿ ತಲೆಯಾಡಿಸಿ, ಎಡಕ್ಕೆ ತಿರುಗಿಸಿದಳು. ಅಂದಿನಿಂದ ಕೆಲಸ ಕಲಿತಳು.

"ಅಂಗಡಿ ನಡೆಯೋ ತನಕ ಅವಳು ಇಲ್ಲೇ ಇರ್ತಾಳೆ," ಅತ್ತೆ ಹೇಳಿದರು. "ಕೆಲಸ ಎಲ್ಲಾ ಅವಳೇ ಮಾಡ್ತಿರೋದು."

"ಸರಿ, ಕೆಲಸ ಅವರು ಮಾಡ್ತಾರೆ. ಚೀಟಿ ಯಾರು ಬರೀತಾರೆ?"

ಮಾವ ಉಪ್ಪು ಕೇಳಿದರು.

ಪಾತ್ರೆ ತೊಳೆದಾದ ಮೇಲೆ ಸೊಸೆ ಅಣ್ಣನಿಗೆ ಫೋನ್ ಮಾಡಿದಳು. ಎತ್ತಿದವಳು ಅವನ ಹೆಂಡತಿ. ಎಲ್ಲ ಕೇಳಿ, "ಅದಕ್ಕೇನಂತೆ, ಬಾ," ಎಂದಳು. "ಬಂದು ನಾಲ್ಕು ದಿನ ಇದ್ದು ಹೋಗು."

ಮಾವನ ಕೈಗೆ ಬೇರೇನಾದರೂ ಕೊಡಬೇಕೆಂದು ಹೊಳೆದದ್ದು ಅತ್ತೆಗೆ. "ಇಲ್ಲದಿದ್ದರೆ ಅಂಗಡಿನೆಲ್ಲಾ ಗುಡ್ಡೆ ಹಾಕ್ತಾರೆ. ನೀನು ಆಮೇಲೆ ಹುಡುಕ್ತಾ ಕೂತಿರು."

ಪೀಠ ಬಿರುಕು ಬಿಟ್ಟದ್ದರಿಂದ ಮಾರಾಟಕ್ಕೆ ಬಾರದ ಒಂದು ಕಪ್ಪು ಫ್ಯಾನು ಅಟ್ಟದ ಮೇಲಿತ್ತು. ಸೊಸೆ ಅದನ್ನು ಇಳಿಸಿ ಮಾವನ ಮುಂದಿಟ್ಟಳು. ಅವರ ಮುಖ ಅರಳಿತು.

"ಅಬ್ಬ, ಇದು ಎಲ್ಲಿ ಸಿಕ್ತು?"

"ಗುಜರಿಯವನು ತಂದ."

ಅವರು ಕಣ್ಣು ಮುಚ್ಚಿ ಜಾಲರಿಯ ಬಳೆಗಳನ್ನು ಬೆರಳಿನಿಂದ ಎಣಿಸಿದರು. ಬೆನ್ನು ಸವರಿದರು. "ಕತ್ತು ತಿರುಗಿಸೋ ಗೇರು ಹೊರಗಡೆ ಇದೆ ನೋಡು. ಡಬ್ಬಿ ಒಳಗೆ ಮುಚ್ಚಿಡೋ ಬುದ್ಧಿ ಇನ್ನೂ ಬಂದಿರಲಿಲ್ಲ ಆ ಜನಕ್ಕೆ." ಜೇಬಿನಿಂದ ಅಯಸ್ಕಾಂತ ತೆಗೆದು ರೆಕ್ಕೆಗೆ ಹಿಡಿದರು. ಅದು ಅಂಟಲಿಲ್ಲ. "ಗಟ್ಟಿ ಹಿತ್ತಾಳೆ," ಎಂದರು, ಮೊಮ್ಮಗನ ಅಂಕಪಟ್ಟಿ ನೋಡಿದವರಂತೆ. ಅವರಿಗೆ ಮೊಮ್ಮಕ್ಕಳಿರಲಿಲ್ಲ.

ಮಧ್ಯಾಹ್ನದೊಳಗೆ ಅದನ್ನು ಬಿಚ್ಚಿ, ಹಳೆಯ ಎಣ್ಣೆ ತೊಳೆದು, ಎಣ್ಣೆ ಹೀರುವ ಉಣ್ಣೆಯ ಬತ್ತಿ ಬದಲಿಸಿ, ಜೋಡಿಸಿ ತಿರುಗಿಸಿದರು. ಕೈ ಒಂದು ಸಲವೂ ತಡವರಿಸಲಿಲ್ಲ. ಉಂಡು ಮಲಗಿದರು. ಎದ್ದಾಗ ಅವರಿಗೆ ಅದರ ನೆನಪೇ ಇರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಸೊಸೆ ಅದನ್ನೇ ಮತ್ತೆ ಮುಂದಿಟ್ಟಳು.

"ಅಬ್ಬ, ಇದು ಎಲ್ಲಿ ಸಿಕ್ತು?"

ಹೀಗೆ ಅದೊಂದು ದಿನಚರಿಯಾಯಿತು. ಮಾವ ಮಲಗಿದ ಹೊತ್ತಿನಲ್ಲಿ ಅವಳು ಕಪ್ಪು ಫ್ಯಾನನ್ನು ಬಿಚ್ಚಿ, ಬತ್ತಿಗೆ ಕೊಳಕು ಎಣ್ಣೆ ಹಾಕಿ, ಮೈಗೆ ಧೂಳು ಹಚ್ಚಿ ಜೋಡಿಸಿಡುತ್ತಿದ್ದಳು. ಅದಕ್ಕೆಂದೇ ಅತ್ತೆ ಕಸ ಗುಡಿಸಿದ ಧೂಳನ್ನು ಜರಡಿ ಹಿಡಿದು ಡಬ್ಬಿಯಲ್ಲಿ ಇಡತೊಡಗಿದರು. "ಧೂಳು ಕೂಡಿಡೋ ಸಂಸಾರ ಲೋಕದಲ್ಲಿ ನಮ್ಮದೊಂದೇ," ಎನ್ನುತ್ತಿದ್ದರು. ಇದಕ್ಕೆ ಹೋಗುವ ಎರಡು ಗಂಟೆ ಬಿಟ್ಟರೆ ಉಳಿದ ಹೊತ್ತೆಲ್ಲ ಮಾರುವ ಫ್ಯಾನುಗಳಿಗೆ. ಈ ನಡುವೆ ಅಂಗಡಿ ಅಸ್ತವ್ಯಸ್ತವಾಗುವುದು ನಿಂತಿತು.

ಚೀಟಿಯ ಮಾತು ಉಳಿದಿತ್ತು. ಮನೆಯವರು ಮಾವನನ್ನು ಕೂರಿಸಿ ಬರೆಸಲು ನೋಡಿದರು. ಮಾವ ಫ್ಯಾನು ನೋಡಿ ಎಲ್ಲ ಸರಿಯಾಗಿ ಹೇಳುವರು. ಬರೆಯಲು ಕೂತರೆ ಮೊದಲ ಸಾಲನ್ನೇ ನಾಲ್ಕು ಸಲ ಬರೆಯುವರು. ಕೊನೆಗೆ ಮೈದುನ ಹಳೆಯ ಚೀಟಿಗಳ ಕಟ್ಟೊಂದನ್ನು ಸೊಸೆಯ ಮುಂದೆ ಹಾಕಿದ.

"ಅತ್ತಿಗೆ, ನೀವೇ ಬರೀರಿ. ಅಪ್ಪನ ಅಕ್ಷರ ಏನು ಮಹಾ. ಕೋಳಿ ಕೆದರಿದ ಹಾಗಿದೆ."

"ಅದು ಸರಿಯಲ್ಲ."

"ಸರಿಯಾದದ್ದು ನಿಮ್ಮ ಅಣ್ಣನ ಮನೇಲಿ ಇದೆಯಾ?"

ಅತ್ತೆ ಅವನನ್ನು ಗದರಿದರು. ಆದರೆ ಬರೆಯಬೇಡವೆಂದು ಹೇಳಲಿಲ್ಲ.

ಅವಳು ಪತ್ರಿಕೆಯ ಅಂಚಿನಲ್ಲಿ ಎರಡು ದಿನ ಅಭ್ಯಾಸ ಮಾಡಿದಳು. ಮಾವ ಪೆನ್ನನ್ನು ಒತ್ತಿ ಬರೆಯುವರು. ಕೊಂಬು ಎಳೆಯುವಾಗ ಕೈ ಮೇಲೆ ಹಾರುತ್ತಿತ್ತು. ಬರೆಯುವ ಕ್ರಮವೂ ಅವರದೇ. ಮೊದಲು ಕೊರತೆ, ಆಮೇಲೆ ಉಳಿದದ್ದು. "ಪೀಠದ ಬಣ್ಣ ನನ್ನದು. ವೈರು ಹೊಸದು. ಎಡಗಡೆ ಬಳೆ ಬೆಸುಗೆಯದು." ಅಷ್ಟಾದ ಮೇಲೆ ಕಾರ್ಖಾನೆಯ ಹೆಸರು, ವರ್ಷ. ಅವಳೂ ಹಾಗೆಯೇ ಬರೆದಳು. ಮಾವ ಬಾಯಲ್ಲಿ ಹೇಳಿದ್ದನ್ನೇ ಬರೆದಳು. ಬರೆದದ್ದೆಲ್ಲ ನಿಜವೇ, ಕೈಯೊಂದು ಅವರದಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಕೋಟಿನವನು ಬಂದು ಆರು ಫ್ಯಾನು ಒಯ್ದ. ಚೀಟಿಗಳನ್ನು ಒಂದೊಂದಾಗಿ ಓದಿ, "ಯಜಮಾನರ ಕೈ ಇನ್ನೂ ಗಟ್ಟಿಯಾಗಿದೆ," ಎಂದ.

ಐದನೆಯ ವಾರವೋ ಆರನೆಯ ವಾರವೋ ಇರಬೇಕು. ಮಾವ ಕಪ್ಪು ಫ್ಯಾನನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದರು.

"ಇದನ್ನ ಬಹಳ ಸಲ ಬಿಚ್ಚಿದ್ದಾರೆ."

ಸೊಸೆ ಕೈಯಲ್ಲಿದ್ದ ಕೆಲಸ ನಿಲ್ಲಿಸಿದಳು.

"ತಿರುಪಿನ ತಲೆ ನೋಡಿಲ್ಲಿ. ಮೇಲೆಲ್ಲಾ ಧೂಳು, ಗೀರು ಮಾತ್ರ ಹೊಳೀತಿದೆ. ಹಸಿ ಗಾಯ. ಒಂದು ಸಲ ಎರಡು ಸಲ ಅಲ್ಲ, ದಿನಾ ಬಿಚ್ಚಿದ ಹಾಗಿದೆ." ಇನ್ನೂ ಹತ್ತಿರ ಹಿಡಿದರು. "ಬಿಚ್ಚಿದವರು ಕೆಲಸ ಬಲ್ಲವರು. ಒಂದು ಸಲಾನೂ ಸ್ಕ್ರೂಡ್ರೈವರ್ ಜಾರಿಲ್ಲ."

ಅವಳಿಗೆ ಆ ಹೊಗಳಿಕೆ ತಾಗಿತು. ಮೂರು ವರ್ಷದಲ್ಲಿ ಅವರು ಅವಳ ಕೆಲಸವನ್ನು ಹೊಗಳಿದ್ದು ಅದೇ ಮೊದಲು.

ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಅತ್ತೆ, "ನೀವೇ ನಿನ್ನೆ ಬಿಚ್ಚಿದ್ದಲ್ವಾ," ಎಂದರು.

"ನಾನಾ?" ಮಾವ ಗಟ್ಟಿಯಾಗಿ ನಕ್ಕರು. "ಲೇ, ನನಗೆ ನಿನ್ನ ಹೆಸರು ಮರೆತು ಹೋಗಬಹುದು. ಈ ಕೈ ಮಾಡಿದ್ದು ಮರೆಯಲ್ಲ. ಕುಡಿಯೋಕೆ ಕೊಡು, ತಲೆ ತಿನ್ನಬೇಡ."

ಅತ್ತೆ ಚಹಾ ಕೊಟ್ಟು ಒಳಗೆ ಹೋದರು. ಮಾವ ಸಂಜೆಯ ತನಕ ಖುಷಿಯಾಗಿದ್ದರು.

ಮದುವೆಗೆ ಆರು ವಾರ ಉಳಿದಿರುವಾಗ ಒಂಬತ್ತು ಫ್ಯಾನುಗಳ ಕೆಲಸ ಒಟ್ಟಿಗೆ ಬಂತು. ಒಂದು ಹೊಸ ಹೋಟೆಲಿನ ಹಜಾರಕ್ಕೆ ಕೋಟಿನವನು ಒಪ್ಪಿಕೊಂಡದ್ದು. ಒಂಬತ್ತರಲ್ಲಿ ಒಂದು ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಚೆಂದದ್ದು. ಬಿಲ್ಲೆಯ ಮೇಲಿನ ನೀಲಿ ಬಣ್ಣ ಕೂಡ ಅಳಿಸಿರಲಿಲ್ಲ. ಸೊಸೆ ಅದರ ರೆಕ್ಕೆ ಬಿಚ್ಚಿದಾಗ ರೆಕ್ಕೆಗಳು ಕೂಡುವ ನಡುವಿನ ಗುಂಬದಲ್ಲಿ ಕೂದಲೆಳೆಯ ಬಿರುಕು ಕಂಡಿತು. ಜೋರಾಗಿ ತಿರುಗಿದರೆ ರೆಕ್ಕೆ ಕಿತ್ತು ಯಾರದಾದರೂ ಮುಖಕ್ಕೆ ಹಾರಬಹುದು. ನಾಲ್ಕು ಫ್ಯಾನು ಕಲಸಿದ ದಿನ ಬದಿಗಿಟ್ಟಿದ್ದ ರೆಕ್ಕೆಗಳಲ್ಲಿ ಒಂದು ಜೊತೆ ಅದೇ ಅಳತೆಯದು, ಅದೇ ಕಾರ್ಖಾನೆಯದು. ತಂದು ಕೂಡಿಸಿದಳು. ತಿರುಗಿಸಿದರೆ ಸದ್ದೇ ಇಲ್ಲ.

ಸಂಜೆ ಚೀಟಿ ಬರೆಯಲು ಕೂತು, ಮೊದಲ ಸಾಲಿನಲ್ಲಿ "ರೆಕ್ಕೆ ಇದರದ್ದಲ್ಲ" ಎಂದು ಬರೆದಳು.

ಮೈದುನ ಅವಳ ಹೆಗಲ ಮೇಲಿಂದ ಬಗ್ಗಿ ಓದಿದ. "ಇದನ್ನ ಹಾಕಬೇಡಿ."

"ಹಾಕದೆ ಹೇಗೆ?"

"ಕೋಟಿನವನು ಇವತ್ತು ಫೋನ್ ಮಾಡಿದ್ದ. ಆ ನೀಲಿ ಬಿಲ್ಲೇದು ಪೂರ್ತಿ ಮೂಲದ್ದು ಅಂತಾದರೆ ಹೋಟೆಲಿನವರ ಉಳಿದ ನಾಲ್ಕು ಕಟ್ಟಡದ ಕೆಲಸಾನೂ ನಮಗೇ. ಎರಡು ವರ್ಷಕ್ಕೆ ಸಾಕು."

"ಸುಳ್ಳು ಬರೆದರೆ..."

"ಯಾರು ನೋಡ್ತಾರೆ? ಅದೇ ಕಾರ್ಖಾನೆ, ಅದೇ ಅಳತೆ. ಅತ್ತಿಗೆ, ಕೇಳಿ. ಅಷ್ಟು ಕೆಲಸ ಸಿಕ್ಕರೆ ನಾನು ಬೇರೆ ಮನೆ ನೋಡ್ತೀನಿ. ಅಂಗಡಿ ತಂಟೆಗೂ ಬರಲ್ಲ, ಮೇಲಿನ ಕೋಣೆ ತಂಟೆಗೂ ಬರಲ್ಲ. ಅಮ್ಮನ ಮುಂದೆ ಬೇಕಾದರೆ ಹೇಳ್ತೀನಿ." ಅಡುಗೆಮನೆಯ ಕಡೆ ತಿರುಗಿ ಗಟ್ಟಿಯಾಗಿ ಹೇಳಿಯೂ ಹೇಳಿದ. ಒಳಗೆ ಸೊಪ್ಪು ಹೆಚ್ಚುವ ಸದ್ದು ನಿಂತಿತು, ಮತ್ತೆ ಶುರುವಾಯಿತು.

ಸೊಸೆ ಇನ್ನೊಂದು ಚೀಟಿ ತೆಗೆದುಕೊಂಡು ಬರೆದಳು. "ಕೊರತೆ ಇಲ್ಲ. ಎಲ್ಲವೂ ಮೂಲದ್ದು." ಪೆನ್ನು ಒತ್ತಿ, ಕೊಂಬನ್ನು ಮೇಲಕ್ಕೆ ಹಾರಿಸಿ ಬರೆದಳು. ಮೊದಲಿನ ಚೀಟಿಯನ್ನು ಒಲೆಗೆ ಹಾಕಿದಳು.

ಕೋಟಿನವನು ಶುಕ್ರವಾರ ಬೆಳಿಗ್ಗೆ ಬಂದ. ಮೈದುನ ರಜೆ ಹಾಕಿ ಮನೆಯಲ್ಲಿದ್ದ. ಫ್ಯಾನುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಕಪ್ಪು ಫ್ಯಾನನ್ನು ಮಾವನಿಗೆ ಹಿತ್ತಿಲಿನ ಕಟ್ಟೆಯ ಮೇಲೆ ಕೊಟ್ಟು ಕೂರಿಸಿ ಬಂದಿದ್ದಳು ಸೊಸೆ. ಆದರೆ ಮೂವತ್ತೆಂಟು ವರ್ಷ ವ್ಯಾಪಾರಿಯ ದನಿ ಕೇಳಿದ ಕಿವಿ. ಮಾವ ಕೈ ಒರೆಸಿಕೊಳ್ಳುತ್ತಾ ಅಂಗಡಿಗೆ ಬಂದೇ ಬಿಟ್ಟರು.

"ಬನ್ನಿ ಯಜಮಾನರೇ, ನಿಮ್ಮ ಮಾಲನ್ನೇ ನೋಡ್ತಿದ್ದೆ," ಎಂದ ಕೋಟಿನವನು.

"ಕೋಟು ಬಿಚ್ಚಿ ಮಾರಾಯರೇ. ನಿಮ್ಮನ್ನ ನೋಡಿದರೆ ನನಗೆ ಬೆವರು ಬರತ್ತೆ."

ಎಲ್ಲರೂ ನಕ್ಕರು. ಮಾವ ಸಾಲಿನುದ್ದಕ್ಕೂ ಕೈಯಾಡಿಸುತ್ತಾ ಬಂದರು. ನೀಲಿ ಬಿಲ್ಲೆಯದರ ಮುಂದೆ ನಿಂತು ರೆಕ್ಕೆಯನ್ನು ಬೆರಳಿನಿಂದ ಮೆಲ್ಲಗೆ ನೂಕಿದರು. ಅದು ತಿರುಗಿ ನಿಂತಿತು. ಮತ್ತೊಮ್ಮೆ ನೂಕಿದರು.

"ಇದರ ರೆಕ್ಕೆ ಇದರದ್ದಲ್ಲ."

"ಅಪ್ಪಾ, ಒಳಗೆ ಬಾ, ತಿಂಡಿ ಆಗಿದೆ," ಮೈದುನ ಮುಂದೆ ಬಂದ.

ಅಷ್ಟರಲ್ಲಿ ಮಾವ ಸ್ಕ್ರೂಡ್ರೈವರ್ ತೆಗೆದುಕೊಂಡಾಗಿತ್ತು. ಜಾಲರಿ ಸರಿಸಿ, ತಿರುಪು ಸಡಿಲಿಸಿ, ರೆಕ್ಕೆಯನ್ನು ಎಳೆದು ಪಕ್ಕಕ್ಕಿಟ್ಟರು. ರೆಕ್ಕೆ ಕೂತಿದ್ದ ಉಕ್ಕಿನ ಸಲಾಕೆಯನ್ನು ಕೋಟಿನವನಿಗೆ ತೋರಿಸಿದರು. "ತಿರುಪು ಕಚ್ಚಿದ ಗುರುತು ಎರಡಿದೆ ನೋಡಿ. ಒಂದು ಹಳೇದು, ಕಪ್ಪಾಗಿದೆ. ಇನ್ನೊಂದು ಮೊನ್ನೆದು. ಹುಟ್ಟಿದಾಗಿನಿಂದ ಒಂದೇ ರೆಕ್ಕೆ ಹೊತ್ತಿದ್ದರೆ ಎರಡು ಗುರುತು ಯಾಕೆ ಬರತ್ತೆ?"

ಕೋಟಿನವನು ಬಗ್ಗಿ ನೋಡಿದ. ಆಮೇಲೆ ದಾರ ಹಿಡಿದು ಚೀಟಿಯನ್ನು ಎತ್ತಿದ. "ಆದರೆ ನೀವೇ ಬರೆದಿದ್ದೀರಲ್ಲಾ."

ಮಾವ ಕನ್ನಡಕ ಹಾಕಿಕೊಂಡು ಓದಿದರು. ಎರಡನೆಯ ಸಲ ಬೆರಳಿಟ್ಟು ಓದಿದರು.

"ಕೊರತೆ ಇಲ್ಲ ಅಂತ ನಾನು ಜನ್ಮದಲ್ಲಿ ಬರೆದಿಲ್ಲ."

"ಅಕ್ಷರ ನಿಮ್ಮದೇ ಅಲ್ವಾ?"

"ಅಕ್ಷರ ನಂದೇ," ಎಂದರು ಮಾವ. ಚೀಟಿಯಿಂದ ತಲೆಯೆತ್ತಿ ಮಗನನ್ನು ನೋಡಲಿಲ್ಲ, ಬಾಗಿಲಲ್ಲಿ ಬಂದು ನಿಂತಿದ್ದ ಹೆಂಡತಿಯನ್ನೂ ನೋಡಲಿಲ್ಲ. ಸೊಸೆಯನ್ನು ನೋಡಿದರು. "ನೀನು ಹೇಳು. ನಾನು ಬರೆದದ್ದಾ ಇದು?"

ಕೋಟಿನವನು ಕಾಯುತ್ತಿದ್ದ.

"ಹೌದು ಮಾವ," ಎಂದಳು. "ಮಂಗಳವಾರ. ನಾನು ಪಕ್ಕದಲ್ಲೇ ಇದ್ದೆ."

"ರೆಕ್ಕೆ ಬಿಚ್ಚಿ ನೋಡಿದೆನಾ?"

"ನೋಡಿದಿರಿ."

"ಈ ಎರಡು ಗುರುತು ಕಾಣಲಿಲ್ವಾ ನನಗೆ?"

"ಇಲ್ಲ ಅಂದಿರಿ."

ಮಾವ ತಲೆಯಾಡಿಸಿದರು. ಸಲಾಕೆಯ ಮೇಲಿನ ಗುರುತನ್ನು ಹೆಬ್ಬೆರಳಿನಿಂದ ಇನ್ನೊಮ್ಮೆ ಸವರಿದರು. ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಇಟ್ಟರು, ಹಿಡಿ ಸೊಸೆಯ ಕಡೆಗೆ ಬರುವ ಹಾಗೆ.

"ಆ ಚೀಟಿ ಹರಿದುಬಿಡಿ," ಎಂದರು ಕೋಟಿನವನಿಗೆ. "ಇನ್ನು ನಾನು ಬರೆದದ್ದು ಯಾವುದನ್ನೂ ತಗೋಬೇಡಿ. ಬರೆಸೋದಿದ್ದರೆ ಇವಳ ಹತ್ತಿರ ಬರೆಸಿಕೊಳ್ಳಿ. ಇವಳಿಗೆ ಎಲ್ಲಾ ನೆನಪಿರತ್ತೆ."

ಕೋಟಿನವನು ಒಂಬತ್ತೂ ಫ್ಯಾನು ಒಯ್ದ. ನೀಲಿ ಬಿಲ್ಲೆಯದಕ್ಕೆ ಸೊಸೆ ತನ್ನದೇ ಅಕ್ಷರದಲ್ಲಿ ಬೇರೆ ಚೀಟಿ ಬರೆದುಕೊಟ್ಟಳು. ಅವನು ಅದನ್ನು ಓದಿ, "ನಿಮ್ಮದೂ ಅದೇ ಕ್ರಮ," ಎಂದ. "ತಪ್ಪು ಮುಚ್ಚಿಡದ ಮನೆ ಇದು. ಹೋಟೆಲಿನವರಿಗೆ ಹೇಳ್ತೀನಿ." ಹದಿನೈದು ದಿನದಲ್ಲಿ ಎರಡು ವರ್ಷದ ಕೆಲಸ ಸೊಸೆಯ ಹೆಸರಿಗೇ ಬಂತು. ಮೈದುನ ಹೇಳಿದ ಮಾತಿಗೆ ತಪ್ಪಲಿಲ್ಲ. ಎರಡು ಬೀದಿಯಾಚೆ ಮನೆ ನೋಡಿದ.

ಕೋಟಿನವನು ಬಂದುಹೋದ ದಿನ ಮಧ್ಯಾಹ್ನ ಅಡುಗೆಮನೆಯಲ್ಲಿ ಅತ್ತೆ ತಟ್ಟೆ ಹಾಕುತ್ತಾ ಒಂದೇ ಮಾತು ಕೇಳಿದರು.

"ಮಂಗಳವಾರ ಅಂದೆಯಲ್ಲ. ವಾರ ಬೇರೆ ಹೇಳಬೇಕಿತ್ತಾ?"

ಸೊಸೆ ಲೋಟಗಳಿಗೆ ನೀರು ತುಂಬಿದಳು. ಅತ್ತೆ ಬಡಿಸಿದರು. ಇಬ್ಬರೂ ಉಂಡರು.

ಮಾರನೆಯ ದಿನ ಕಪ್ಪು ಫ್ಯಾನನ್ನು ಮುಂದಿಟ್ಟಾಗ ಮಾವ ಅದನ್ನು ಮುಟ್ಟಲಿಲ್ಲ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದರು.

"ಇದು ಯಾವುದು?"

"ನೀವೇ ಹೇಳಿ ಮಾವ."

"ಬೇಡ, ನೀನೇ ಹೇಳು."

ಅವಳು ಹೇಳಿದಳು. ಕಾರ್ಖಾನೆ, ವರ್ಷ, ಹೊರಗಿನ ಗೇರು. ಅವರು "ಹೌದಾ, ಸರಿ," ಎಂದರು. ಒಂದು ದಿನ ಬೇಕೆಂದೇ ತಪ್ಪು ಹೇಳಿದಳು, ಇಪ್ಪತ್ತು ವರ್ಷ ಆಚೀಚೆ ಮಾಡಿ, ಕಾರ್ಖಾನೆಯನ್ನೇ ಬದಲಿಸಿ. ಅದಕ್ಕೂ ಅವರು, "ಹೌದಾ, ಸರಿ," ಎಂದರು.

ಅತ್ತೆ ಧೂಳಿನ ಡಬ್ಬಿಯನ್ನು ಹಿತ್ತಿಲಲ್ಲಿ ಸುರಿದು, ತೊಳೆದು, ಬೇಳೆ ತುಂಬಿಟ್ಟರು.

ಆಮೇಲೆ ಬೇರೆ ಪ್ರಶ್ನೆಗಳು ಬಂದವು. ತಲೆಯಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ, "ನಾನು ಸ್ನಾನ ಮಾಡಿದೆನಾ?" ಎಂದು ಕೇಳುವರು. ತಟ್ಟೆಯ ಮುಂದೆ ಕೂತು, "ನನಗೆ ಹಸಿವಾಗಿದೆಯಾ?" ಎಂದು ಕೇಳುವರು. ಅತ್ತೆಯನ್ನು ಕೇಳುತ್ತಿರಲಿಲ್ಲ, ಮಗ ಬಂದರೆ ಅವನನ್ನೂ ಕೇಳುತ್ತಿರಲಿಲ್ಲ. ಸೊಸೆ ಎಲ್ಲಿದ್ದರೂ ಹುಡುಕಿಕೊಂಡು ಬಂದು ಕೇಳುವರು. ಅವಳು ಹೇಳಿದ ಮೇಲೆ ಮರುಮಾತಿಲ್ಲದೆ ಹೋಗುವರು.

ಮೈದುನನ ಮದುವೆ ಮುಗಿದ ವಾರ, ಅವಳು ಅಂಗಡಿಯಲ್ಲಿ ಒಂದು ಮೋಟಾರು ಬಿಚ್ಚಿಕೊಂಡು ಕೂತಿದ್ದಾಗ ಮಾವ ಚಹಾದ ಲೋಟ ಹಿಡಿದು ಬಂದರು. ಅತ್ತೆ ಒಲೆಯಿಂದ ಇಳಿಸಿ ಆಗಷ್ಟೇ ಕೊಟ್ಟದ್ದು. ಹಬೆ ಅವರ ಕನ್ನಡಕಕ್ಕೆ ಹತ್ತಿತ್ತು. ಬೆರಳುಗಳು ಕೆಂಪಾಗಿದ್ದವು. ಆದರೂ ಲೋಟವನ್ನು ಬಿಡದೆ ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದರು.

"ಇದು ಬಿಸಿ ಇದೆಯಾ?"